ಪದೇಪದೇ ಗ್ಯಾರೇಜು ಸೇರುವ ಕಾರು

ಘಾಟಿ ಹತ್ತುವಾಗಲೆಲ್ಲ ನಿಮ್ಮ ಹಳೇ ಕಾರು ಬಿಸಿಯಾಗಿ ನಿಲ್ಲುತ್ತಿದೆಯೇ? ಬರೀ ಕೂಲೆಂಟ್ ತುಂಬಿಸಿ ದಿನ ದೂಡಬೇಡಿ. ಅದು ಎಲ್ಲಿ ಸೋರುತ್ತಿದೆ, ಇಲ್ಲವೇ ಏನು ಕೆಟ್ಟಿದೆ ಎಂದು ಮೊದಲು ಪತ್ತೆ ಮಾಡಿಸಿ. ತೂತಾದ ರೇಡಿಯೇಟರ್, ಅಂಟಿಕೊಂಡ ಥರ್ಮೋಸ್ಟಾಟ್, ತಿರುಗದ ಫ್ಯಾನ್, ಸವೆದ ವಾಟರ್ ಪಂಪ್, ಇವನ್ನೆಲ್ಲ ಸರಿಪಡಿಸುವುದು ಎಂಜಿನ್ ಬಿಚ್ಚುವುದಕ್ಕಿಂತ ಎಷ್ಟೋ ಅಗ್ಗ. ಸೂಜಿ ಕೆಂಪಿಗೆ ಏರಿದ ಮೇಲೂ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಹೆಡ್ಡೇ ಸೊಟ್ಟಗಾಗಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ ಗಾಡಿ ಸ್ಟಾರ್ಟ್ ಮಾಡದೆ ಟೋ ಮಾಡಿಸಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನಂತೂ ದಯವಿಟ್ಟು ತೆರೆಯಬೇಡಿ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಎಷ್ಟು ಕಿಲೋಮೀಟರಿಗೆ ಏನು ಹಾಕಿಸಿದಿರಿ ಎಂದು ಬರೆದಿಡಿ. ಅದೇ ಭಾಗ ಮತ್ತೆ ಕೆಟ್ಟರೆ ಮೂಲದೋಷ ಬೇರೆಡೆ ಇರಬಹುದು.

‘ಇಷ್ಟೊಂದು ಸುರಿದಿದ್ದೇವೆ, ಈಗ ಹೇಗೆ ಮಾರುವುದು’ ಎನ್ನುವವರೇ ಹೆಚ್ಚು. ಆ ದುಡ್ಡು ಹೋಗಿಯಾಯಿತು. ಮುಂದೆ ಬರುವ ಖರ್ಚನ್ನು ಕಾರಿನ ಇವತ್ತಿನ ಬೆಲೆಯ ಪಕ್ಕ ಇಟ್ಟು ನೋಡಿ. 15 ವರ್ಷ ತುಂಬುತ್ತಿದ್ದರೆ ನೋಂದಣಿ ನವೀಕರಣ, ಎಫ್‌ಸಿ, ಹಸಿರು ತೆರಿಗೆಯನ್ನೂ ಸೇರಿಸಿ. ಮಾರಿದರೆ, ದೋಷ ಮುಚ್ಚಿಡಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕೊಂಡವರ ಬೆನ್ನು ಬಿಡಬೇಡಿ. ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರ ಮೇಲೇ ಬರುತ್ತದೆ.