ಆಪರೇಷನ್‌ಗೆ ಮುನ್ನ ನಾಯಿಗೆ ಉಪವಾಸ ಏಕೆ?

ಮಕ್ಕಳೇ, ನಿಮ್ಮ ಮನೆಯಲ್ಲಿ ರಾಣಿ ಎಂಬ ಹೆಣ್ಣು ನಾಯಿ ಇದೆ ಎಂದುಕೊಳ್ಳಿ. ಮತ್ತೆ ಮತ್ತೆ ಮರಿ ಹಾಕದಂತೆ ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಮನೆಯವರು ನಿರ್ಧರಿಸಿದ್ದಾರೆ. ನಾಳೆ ಬೆಳಿಗ್ಗೆ ಪಶು ಆಸ್ಪತ್ರೆಗೆ ಹೋಗಬೇಕು. "ರಾತ್ರಿ ಊಟ ಹಾಕಿದ ಮೇಲೆ ಏನನ್ನೂ ತಿನ್ನಿಸಬೇಡಿ" ಎಂದು ವೈದ್ಯರು ಹೇಳಿದ್ದಾರೆ. ಬೆಳಿಗ್ಗೆ ನೀವು ತಿಂಡಿಗೆ ಕುಳಿತಾಗ ರಾಣಿ ಎದುರಿಗೆ ಬಂದು ಬಾಲ ಅಲ್ಲಾಡಿಸುತ್ತದೆ. ನಿಮಗೆ ಅಯ್ಯೋ ಪಾಪ ಎನಿಸುತ್ತದೆ. ಒಂದು ಚೂರು ರೊಟ್ಟಿ ಹಾಕಿದರೆ ಏನಾದೀತು? ಬನ್ನಿ, ತಿಳಿಯೋಣ.

ಅರಿವಳಿಕೆ ಎಂದರೇನು?

ಹೊಟ್ಟೆಯನ್ನು ಕೊಯ್ದು ಚಿಕಿತ್ಸೆ ಮಾಡುವಾಗ ನೋವು ತಿಳಿಯಬಾರದು, ದೇಹ ಅಲುಗಾಡಬಾರದು. ಅದಕ್ಕಾಗಿ ಕೊಡುವ ಮದ್ದೇ ಅರಿವಳಿಕೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಈಥರ್ ಆವಿಯನ್ನು ರೋಗಿಗೆ ಉಸಿರಾಡಿಸಿ, ಶಸ್ತ್ರಚಿಕಿತ್ಸೆಯ ನೋವನ್ನು ತಡೆಯಬಹುದೆಂದು ಎಲ್ಲರ ಮುಂದೆ ತೋರಿಸಿದರು. ಇಂದು ಅದಕ್ಕಿಂತ ಸುರಕ್ಷಿತವಾದ ಮದ್ದುಗಳಿವೆ. ಮನುಷ್ಯರಂತೆ ಪ್ರಾಣಿಗಳಿಗೂ ಅವುಗಳನ್ನು ಬಳಸುತ್ತಾರೆ.

ದೇಹದ ಒಂದು ಭಾಗವನ್ನು ಮಾತ್ರ ಮರಗಟ್ಟಿಸುವುದು ಸ್ಥಳೀಯ ಅರಿವಳಿಕೆ. ಇಡೀ ದೇಹದ ಅರಿವು ಹೋಗುವಂತೆ ಮಾಡುವುದು ಪೂರ್ಣ ಅರಿವಳಿಕೆ. ಇದು ನಿದ್ದೆಯಂತೆ ಕಂಡರೂ ನಿದ್ದೆಯಲ್ಲ. ಮಲಗಿದ ನಾಯಿ ಸದ್ದಾದರೆ ಕಿವಿ ನಿಮಿರಿಸುತ್ತದೆ, ಗಂಟಲಲ್ಲಿ ಏನಾದರೂ ಸಿಕ್ಕಿದರೆ ಕೆಮ್ಮುತ್ತದೆ. ಪೂರ್ಣ ಅರಿವಳಿಕೆಯಲ್ಲಿರುವ ನಾಯಿ ಇವೆರಡನ್ನೂ ಮಾಡಲಾರದು.

ಒಂದು ಚೂರು ರೊಟ್ಟಿಯ ಅಪಾಯ

ಗಂಟಲಿನಲ್ಲಿ ಎರಡು ದಾರಿಗಳಿವೆ. ಅನ್ನನಾಳ ಜಠರಕ್ಕೆ ಹೋಗುತ್ತದೆ. ಶ್ವಾಸನಾಳ ಶ್ವಾಸಕೋಶಕ್ಕೆ ಹೋಗುತ್ತದೆ. ನುಂಗುವಾಗ ಶ್ವಾಸನಾಳದ ಬಾಯಿಯನ್ನು ಒಂದು ಪುಟ್ಟ ಮುಚ್ಚಳ ಮುಚ್ಚಿಕೊಳ್ಳುತ್ತದೆ. ತಪ್ಪಿ ಏನಾದರೂ ಒಳಗೆ ನುಸುಳಿದರೆ ತಕ್ಷಣ ಕೆಮ್ಮು ಬಂದು ಅದನ್ನು ಹೊರಗೆ ದಬ್ಬುತ್ತದೆ.

ಅರಿವಳಿಕೆ ಕೊಟ್ಟಾಗ ಈ ಕಾವಲು ಕೆಲಸ ನಿಲ್ಲುತ್ತದೆ. ಜಠರದ ಬಾಯಿಯ ಬಿಗಿಯೂ ಸಡಿಲವಾಗುತ್ತದೆ. ಆಗ ಹೊಟ್ಟೆಯಲ್ಲಿ ಆಹಾರವಿದ್ದರೆ ಅದು ಆಮ್ಲದೊಂದಿಗೆ ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು. ಆಮ್ಲ ಶ್ವಾಸಕೋಶವನ್ನು ಸುಡುತ್ತದೆ. ನ್ಯುಮೋನಿಯಾ ಆಗಬಹುದು, ಪ್ರಾಣವೇ ಹೋಗಬಹುದು. ಆದ್ದರಿಂದ ಆ ದಿನ ಊಟ ಹಾಕದಿರುವುದೇ ರಾಣಿಗೆ ನೀವು ತೋರಿಸುವ ಪ್ರೀತಿ.

ಎಲ್ಲ ಪ್ರಾಣಿಗಳಿಗೂ ಒಂದೇ ನಿಯಮವೇ?

ಅಲ್ಲ. ಬೆಳೆದ ನಾಯಿಗೆ ಸಾಮಾನ್ಯವಾಗಿ ಹಿಂದಿನ ರಾತ್ರಿಯಿಂದ ಆಹಾರ ನಿಲ್ಲಿಸುತ್ತಾರೆ. ನೀರನ್ನು ಅಷ್ಟು ಬೇಗ ನಿಲ್ಲಿಸುವುದಿಲ್ಲ. ಪುಟ್ಟ ಮರಿಗಳ ದೇಹದಲ್ಲಿ ಸಕ್ಕರೆಯ ಸಂಗ್ರಹ ಕಡಿಮೆ. ಅವು ಬಹಳ ಹೊತ್ತು ಹಸಿದಿದ್ದರೆ ರಕ್ತದ ಸಕ್ಕರೆ ಇಳಿದು ನಿತ್ರಾಣವಾಗುತ್ತವೆ. ಆದ್ದರಿಂದ ಅವಕ್ಕೆ ಉಪವಾಸದ ಅವಧಿ ಚಿಕ್ಕದು.

ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ! ಅದರ ಕರುಳು ಸದಾ ಕೆಲಸ ಮಾಡುತ್ತಿರಬೇಕು. ಹಾಗಾಗಿ ಅದನ್ನು ರಾತ್ರಿಯಿಡೀ ಉಪವಾಸ ಕೆಡಹುವುದು ತಪ್ಪು.

ಹಸುವಿನ ಕಥೆ ಬೇರೆ. ಅದರ ರೂಮೆನ್ ಎಂಬ ದೊಡ್ಡ ಚೀಲದಲ್ಲಿ ಮೇವು ಹುದುಗುತ್ತಾ ಅನಿಲ ಉತ್ಪತ್ತಿಯಾಗುತ್ತಿರುತ್ತದೆ. ಹಸು ತೇಗಿ ಅದನ್ನು ಹೊರಹಾಕುತ್ತದೆ. ಅರಿವು ತಪ್ಪಿ ಮಲಗಿದರೆ ತೇಗಲಾಗದೆ ಹೊಟ್ಟೆ ಉಬ್ಬರಿಸುತ್ತದೆ. ಆದ್ದರಿಂದಲೇ ಹಸುವಿನ ಹೊಟ್ಟೆ ಕೊಯ್ದು ಕರು ತೆಗೆಯುವಾಗಲೂ ವೈದ್ಯರು ಅನೇಕ ಬಾರಿ ಸ್ಥಳೀಯ ಅರಿವಳಿಕೆ ಕೊಟ್ಟು, ಹಸು ನಿಂತಿರುವಂತೆಯೇ ಚಿಕಿತ್ಸೆ ಮಾಡುತ್ತಾರೆ.

ಹಾಗಾದರೆ ನಿಮ್ಮ ಪ್ರಾಣಿಗೆ ಎಷ್ಟು ಹೊತ್ತಿನ ಉಪವಾಸ? ಅದನ್ನು ಪಶುವೈದ್ಯರನ್ನೇ ಕೇಳಬೇಕು.

ತೂಕ ಏಕೆ ನೋಡುತ್ತಾರೆ?

ಮದ್ದಿನ ಪ್ರಮಾಣ ದೇಹದ ತೂಕವನ್ನು ಅವಲಂಬಿಸಿದೆ. ಕಡಿಮೆಯಾದರೆ ನೋವು ತಿಳಿಯುತ್ತದೆ. ಹೆಚ್ಚಾದರೆ ಉಸಿರಾಟವೇ ನಿಲ್ಲಬಹುದು. ನಾಯಿ ತಕ್ಕಡಿಯ ಮೇಲೆ ಸುಮ್ಮನೆ ನಿಲ್ಲದಿದ್ದರೆ ಏನು ಮಾಡುವುದು? ದೊಡ್ಡವರೊಬ್ಬರು ನಾಯಿಯನ್ನು ಎತ್ತಿಕೊಂಡು ತೂಕ ನೋಡಲಿ. ಬಳಿಕ ತಾವೊಬ್ಬರೇ ನಿಂತು ನೋಡಲಿ. ಮೊದಲನೆಯದು 67 ಕೆ.ಜಿ., ಎರಡನೆಯದು 55 ಕೆ.ಜಿ. ಇದ್ದರೆ ನಾಯಿಯ ತೂಕ 12 ಕೆ.ಜಿ.

ರಾಣಿಯ ಪರವಾಗಿ ಮಾತಾಡಿ

ರಾಣಿಗೆ ಮಾತು ಬಾರದು. ವೈದ್ಯರ ಪ್ರಶ್ನೆಗಳಿಗೆ ಮನೆಯವರೇ ಉತ್ತರ ಕೊಡಬೇಕು. ವಯಸ್ಸೆಷ್ಟು? ಲಸಿಕೆ ಆಗಿದೆಯೇ? ಕೆಮ್ಮು, ಭೇದಿ, ಜ್ವರ ಇತ್ತೇ? ಗಬ್ಬವಾಗಿದೆಯೇ? ಬೇರೆ ಮದ್ದು ಕೊಡುತ್ತಿದ್ದೀರಾ? ಕೊನೆಯ ಬಾರಿ ತಿಂದದ್ದು ಎಷ್ಟು ಗಂಟೆಗೆ?

ಈ ಕೊನೆಯ ಪ್ರಶ್ನೆಗೆ ನಿಜವನ್ನೇ ಹೇಳಬೇಕು. ಯಾರಾದರೂ ರೊಟ್ಟಿ ಹಾಕಿದ್ದರೆ, ಅಥವಾ ನಾಯಿಯೇ ತಿಪ್ಪೆಯಲ್ಲಿ ಏನಾದರೂ ತಿಂದಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಹೇಳಿದರೆ ವೈದ್ಯರು ಚಿಕಿತ್ಸೆಯನ್ನು ಇನ್ನೊಂದು ದಿನಕ್ಕೆ ಮುಂದೂಡುತ್ತಾರೆ, ಅಷ್ಟೇ. ಹೇಳದಿದ್ದರೆ ಜೀವಕ್ಕೇ ಅಪಾಯ. ರಾತ್ರಿಯೇ ನಾಯಿಯನ್ನು ಕಟ್ಟಿಹಾಕಿ, ಮನೆಯ ಎಲ್ಲರಿಗೂ ವಿಷಯ ತಿಳಿಸಿಬಿಡುವುದು ಒಳ್ಳೆಯದು.

ಎಚ್ಚರವಾಗುವಾಗ

ಅರಿವಳಿಕೆಯಲ್ಲಿ ದೇಹದ ಶಾಖ ಇಳಿಯುತ್ತದೆ. ಆರೋಗ್ಯವಂತ ನಾಯಿಯ ದೇಹದ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ಚಿಕಿತ್ಸೆಯ ನಂತರ ಒಣಗಿದ ಗೋಣಿಚೀಲದ ಮೇಲೆ ಮಲಗಿಸಿ, ಹಳೆಯ ಕಂಬಳಿ ಹೊದಿಸಿ. ನಾಯಿ ತೂರಾಡುತ್ತದೆ, ಮೆಟ್ಟಿಲು, ನೀರಿನ ತೊಟ್ಟಿಗಳ ಹತ್ತಿರ ಬಿಡಬೇಡಿ. ಚೆನ್ನಾಗಿ ಎಚ್ಚರವಾಗಿ ಎದ್ದು ನಿಲ್ಲುವವರೆಗೆ ನೀರು, ಆಹಾರ ಬೇಡ.

ಮಂಪರಿನಲ್ಲಿರುವ ನಾಯಿಗೆ ನಿಮ್ಮ ಗುರುತು ಸಿಗದೆ ಇರಬಹುದು. ಮುಖದ ಹತ್ತಿರ ಕೈ ಒಯ್ಯಬೇಡಿ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ದೊಡ್ಡವರೊಂದಿಗೆ ಆಸ್ಪತ್ರೆಗೆ ಹೋಗಿ. ನೋವಿಗೆಂದು ಮನುಷ್ಯರ ಮಾತ್ರೆಯನ್ನು ಪ್ರಾಣಿಗಳಿಗೆ ಎಂದೂ ಕೊಡಬೇಡಿ. ಪ್ಯಾರಾಸಿಟಮಾಲ್‌ನ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಮಾಡಿ ನೋಡಿ

ಕತ್ತಿನ ಮುಂಭಾಗದಲ್ಲಿ ಬೆರಳಿಟ್ಟು ಎಂಜಲು ನುಂಗಿ. ಗಂಟಲಿನ ಗಟ್ಟಿ ಭಾಗ ಮೇಲೇರಿ ಇಳಿಯುತ್ತದೆ. ನುಂಗುತ್ತಿರುವ ಆ ಕ್ಷಣದಲ್ಲೇ ಉಸಿರೆಳೆಯಲು ಪ್ರಯತ್ನಿಸಿ. ಸಾಧ್ಯವಾಯಿತೇ? ಏಕೆ?

ಯೋಚಿಸಿ ಉತ್ತರಿಸಿ

1. ಒಂದು ಮದ್ದನ್ನು 1 ಕೆ.ಜಿ. ತೂಕಕ್ಕೆ 2 ಮಿಲಿಗ್ರಾಂನಂತೆ ಕೊಡಬೇಕು ಎಂದುಕೊಳ್ಳಿ. 12 ಕೆ.ಜಿ. ತೂಕದ ನಾಯಿಗೆ ಎಷ್ಟು ಬೇಕು? ತೂಕವನ್ನು ತಪ್ಪಾಗಿ 18 ಕೆ.ಜಿ. ಎಂದು ಬರೆದರೆ ಎಷ್ಟು ಹೆಚ್ಚಾಗುತ್ತದೆ?
2. ಮೊಲಕ್ಕೂ ನಾಯಿಗೂ ಉಪವಾಸದ ನಿಯಮ ಬೇರೆ ಬೇರೆ ಏಕೆ?
3. ನಿಮ್ಮ ಊರಿಗೆ ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ? ಅಲ್ಲಿ ಯಾವ ಯಾವ ಪ್ರಾಣಿಗಳಿಗೆ ಚಿಕಿತ್ಸೆ ನೀಡುತ್ತಾರೆ? ಶಿಕ್ಷಕರೊಂದಿಗೆ ಹೋಗಿ ಕೇಳಿ ಬನ್ನಿ.