ಹಳೆಯ ಗಣಕಯಂತ್ರಕ್ಕೆ ಹಗುರವಾದ ಡೆಸ್ಕ್‌ಟಾಪ್

ಶಾಲೆಗಳ ಉಗ್ರಾಣದಲ್ಲಿ ಕಾಲು ಮುರಿದ ಬೆಂಚುಗಳ ಹಾಗೂ ಹರಿದ ಭೂಪಟಗಳ ನಡುವೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ವಸ್ತು ಬಂದು ಸೇರತೊಡಗಿದೆ. ಅದು ಗಣಕಯಂತ್ರ. ದಾನಿಗಳಿಂದಲೋ, ಹಳೆಯ ವಿದ್ಯಾರ್ಥಿಗಳು ಕೆಲಸ ಮಾಡುವ ಕಚೇರಿಗಳಿಂದಲೋ ಬಂದು, ಕೆಲವು ವರ್ಷ ಪಾಠಕ್ಕೆ ಒದಗಿ, ಕಡೆಗೆ ‘ನಿಧಾನವಾಯಿತು’ ಎಂಬ ಒಂದೇ ಆರೋಪದ ಮೇಲೆ ಮೂಲೆ ಹಿಡಿದ ಯಂತ್ರಗಳಿವು. ಇವುಗಳಲ್ಲಿ ನಿಜವಾಗಿ ಕೆಟ್ಟುಹೋದವು ಕಡಮೆ. ಗುಂಡಿ ಒತ್ತಿದರೆ ದೀಪ ಹೊತ್ತುತ್ತದೆ, ಪರದೆ ಬೆಳಗುತ್ತದೆ. ಕೆಲಸ ಮಾತ್ರ ಸಾಗುವುದಿಲ್ಲ. ನಲವತ್ತು ಮಕ್ಕಳ ತರಗತಿಗೆ ಹತ್ತು ಯಂತ್ರಗಳಿದ್ದಲ್ಲಿ ಒಂದೊಂದರ ಮುಂದೆ ನಾಲ್ವರು ಕೂಡುತ್ತಾರೆ. ಅವುಗಳಲ್ಲಿ ಐದು ಉಗ್ರಾಣ ಸೇರಿದರೆ ಎಂಟು ಮಂದಿ. ಕೀಲಿಮಣೆಯ ಮೇಲೆ ಬೆರಳಿಡುವವನು ಒಬ್ಬ, ನೋಡುವವರು ಏಳು ಮಂದಿ ಎಂಬ ಸ್ಥಿತಿಯಲ್ಲಿ ಗಣಕ ಶಿಕ್ಷಣವೆಂಬುದು ಚಿತ್ರ ನೋಡುವ ವಿನೋದವಾಗಿ ಉಳಿಯುತ್ತದೆ. ಹೀಗಿರಲಾಗಿ, ಈ ನಿಧಾನಕ್ಕೆ ಕಾರಣವೇನು, ಅದಕ್ಕೆ ಅಲ್ಪವೆಚ್ಚದ ಪರಿಹಾರವುಂಟೆ ಎಂಬುದು ವಿಚಾರಯೋಗ್ಯವಾದ ಪ್ರಶ್ನೆಯಾಗಿದೆ.

ಯಂತ್ರವು ಮುಪ್ಪಿನಿಂದ ನಿಧಾನವಾಗುತ್ತದೆಂಬುದು ಜನಜನಿತವಾದ ತಿಳಿವಳಿಕೆ. ಇದು ಬಹುಮಟ್ಟಿಗೆ ತಪ್ಪು. ಎತ್ತಿಗೆ ವಯಸ್ಸಾದಂತೆ ಸಂಸ್ಕಾರಕಕ್ಕೆ ವಯಸ್ಸಾಗುವುದಿಲ್ಲ. 2008ರಲ್ಲಿ ಒಂದು ಕ್ಷಣದಲ್ಲಿ ಎಷ್ಟು ಲೆಕ್ಕ ಮಾಡುತ್ತಿತ್ತೋ ಇಂದೂ ಹೆಚ್ಚುಕಡಮೆ ಅಷ್ಟನ್ನೇ ಮಾಡಬಲ್ಲದು. ಬದಲಾದುದು ಅದರ ಮೇಲಿನ ಹೊರೆ. ಗಣಕಯಂತ್ರವು ಚಾಲ್ತಿಯಲ್ಲಿರುವ ಕೆಲಸವನ್ನೆಲ್ಲ ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಇದು ಗುಮಾಸ್ತನ ಮೇಜಿನಂತೆ. ಹಾರ್ಡ್ ಡಿಸ್ಕ್ ಎಂಬುದು ದೂರದ ಕಪಾಟು. ಮೇಜು ತುಂಬಿದೊಡನೆ ಯಂತ್ರವು ಕೆಲವು ಕಾಗದಗಳನ್ನು ಕಪಾಟಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ರ್‍ಯಾಮ್‌ನಿಂದ ಒಂದು ಅಂಶವನ್ನು ತೆಗೆಯಲು ಸುಮಾರು ನೂರು ನ್ಯಾನೊಸೆಕೆಂಡು ಸಾಕು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್‌ನಿಂದ ತೆಗೆಯಲು ಸುಮಾರು ಹತ್ತು ಮಿಲಿಸೆಕೆಂಡು ಬೇಕು. ಎಂದರೆ ವ್ಯತ್ಯಾಸ ಲಕ್ಷಪಟ್ಟಿನದು. ಕಡತವೊಂದನ್ನು ತೆರೆಯಲು ಹೋದಾಗ ಡಿಸ್ಕು ಕರಕರನೆ ಸದ್ದು ಮಾಡುತ್ತ, ಮೌಸ್‌ನ ಬಾಣವು ಪರದೆಯ ಮೇಲೆ ನಿಂತಲ್ಲೇ ನಿಲ್ಲುವುದನ್ನು ಕಂಡವರಿಗೆ ಈ ಸಾಗಾಟವೇ ನಿಧಾನದ ಮೂಲವೆಂದು ಬೇರೆ ಹೇಳಬೇಕಾದುದಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಇಲ್ಲಿ ತಂತ್ರಾಂಶಕ್ಕೆ ಕಲಿಸಬೇಕಾಗಿದೆ.

ಹೊರೆ ಹೊರಿಸುವವುಗಳಲ್ಲಿ ಮುಖ್ಯವಾದ ಒಂದು ಡೆಸ್ಕ್‌ಟಾಪ್ ಪರಿಸರ. ಗಣಕಯಂತ್ರದ ಮೂಲ ಕಾರ್ಯಗಳನ್ನು ನಡೆಸುವ ವ್ಯವಸ್ಥೆ ಬೇರೆ, ನಮ್ಮ ಕಣ್ಣಿಗೆ ಕಾಣುವ ಮುಖ ಬೇರೆ. ಕಿಟಕಿಗಳನ್ನು ಸರಿಸುವ, ದೊಡ್ಡದು ಚಿಕ್ಕದು ಮಾಡುವ ನಿರ್ವಾಹಕ. ಗಡಿಯಾರ, ಪಟ್ಟಿ, ಸೂಚನೆಗಳನ್ನು ತೋರುವ ಫಲಕ. ಕಡತಗಳನ್ನು ತೋರುವ ಸಾಧನ. ಹಿನ್ನೆಲೆಯಲ್ಲಿ ಕುಳಿತು ಕಡತಗಳಿಗೆಲ್ಲ ಸೂಚಿ ತಯಾರಿಸುವ ಸೇವಕ. ಇವೆಲ್ಲ ಸೇರಿ ಡೆಸ್ಕ್‌ಟಾಪ್ ಎನಿಸಿಕೊಳ್ಳುತ್ತವೆ. ವಿಂಡೋಸ್‌ನಲ್ಲಿ ಈ ಮುಖವು ದೇಹಕ್ಕೆ ಅಂಟಿಕೊಂಡೇ ಬರುತ್ತದೆ. ಲಿನಕ್ಸ್‌ನಲ್ಲಿಯಾದರೋ ದೇಹವನ್ನು ಹಾಗೆಯೇ ಇಟ್ಟು ಮುಖವನ್ನು ಮಾತ್ರ ಬದಲಿಸುವ ಸ್ವಾತಂತ್ರ್ಯ ಬಳಕೆದಾರನಿಗೆ ಉಂಟು. ಪ್ರಸ್ತುತ ವಿಷಯದ ಜೀವಾಳವೇ ಈ ಸ್ವಾತಂತ್ರ್ಯ.

ಲಿನಕ್ಸ್ ಎಂದೊಡನೆ ಇದು ಪರಿಣತರ ವಿಷಯವೆಂದು ಹಿಂಜರಿಯುವ ಉಪಾಧ್ಯಾಯರು ಇಂದಿಗೂ ಉಂಟು. ನೆರೆಯ ಕೇರಳ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷಗಳಿಂದ ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲಿಯೇ ಪಾಠ ನಡೆಯುತ್ತಿದೆಯೆಂಬುದನ್ನು ನೆನೆದರೆ ಈ ಅಂಜಿಕೆ ಹೋಗಬಹುದು. ಇನ್ನೊಂದು ಒತ್ತಡವೂ ಬಂದೊದಗಿದೆ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಸಾಧನವೂ 4 ಜಿ.ಬಿ. ರ್‍ಯಾಮ್ ಕೂಡ ಬೇಕು. ಇಂಟೆಲ್ ಸಂಸ್ಕಾರಕವಾದರೆ ಸಾಧಾರಣವಾಗಿ ಎಂಟನೆಯ ಪೀಳಿಗೆಯದು ಅಥವಾ ತರುವಾಯದ್ದು ಆಗಿರಬೇಕು. ದಾನವಾಗಿ ಬಂದ ಯಂತ್ರಗಳಲ್ಲಿ ಬಹಳಷ್ಟು ಈ ಗೆರೆಯ ಕೆಳಗೇ ಉಳಿಯುತ್ತವೆ.

ಇನ್ನು ಲಿನಕ್ಸ್‌ನ ಮುಖಗಳ ಪರಿಚಯ. ಮತ್ತಿಯಾಸ್ ಎಟ್ರಿಕ್ 1996ರಲ್ಲಿ ಕೆ.ಡಿ.ಇ. ಯೋಜನೆಯನ್ನು ಆರಂಭಿಸಿದರು, ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೆನಾ 1997ರಲ್ಲಿ ಗ್ನೋಮ್ ಯೋಜನೆಯನ್ನು. ಇವೆರಡೂ ವೈಭವದ ದಾರಿ ಹಿಡಿದವು. ಒಲಿವಿಯೆ ಫೂರ್ದಾ 1996ರಲ್ಲಿಯೇ ಎಕ್ಸ್‌ಎಫ್‌ಸಿಇ ಎಂಬ ಹಗುರ ಪರಿಸರಕ್ಕೆ ಕೈಹಾಕಿದರು. ಕಡಮೆ ಸಾಮಗ್ರಿಯಲ್ಲಿ ಪೂರ್ಣ ಅನುಕೂಲ ಒದಗಿಸುವುದೇ ಅದರ ಗುರಿಯಾಯಿತು. 2006ರಲ್ಲಿ ತೈವಾನಿನ ಹಾಂಗ್ ಜೆನ್ ಯೀ ಅವರಿಂದ ಎಲ್‌ಎಕ್ಸ್‌ಡಿಇ ಹುಟ್ಟಿತು. ಅದರ ವಂಶದ ಎಲ್‌ಎಕ್ಸ್‌ಕ್ಯೂಟಿ 2014ರಲ್ಲಿ ಹೊರಬಂದಿತು. 2011ರಲ್ಲಿ ಗ್ನೋಮ್ ತನ್ನ ರೂಪವನ್ನು ಪೂರ್ತಿ ಬದಲಿಸಿದಾಗ ಹಳೆಯ ರೂಪವನ್ನೇ ಬಯಸಿದವರು ಮಾಟೆ ಎಂಬ ಶಾಖೆಯನ್ನು ತೆಗೆದರು. ಲಿನಕ್ಸ್‌ನ ಮೂಲ ಕರ್ತೃವಾದ ಲೈನಸ್ ಟೋರ್ವಾಲ್ಡ್ಸ್ ಅವರೇ ಅದೇ ವರ್ಷ ಗ್ನೋಮ್‌ನ ಹೊಸ ರೂಪವನ್ನು ಸಹಿಸಲಾರದೆ ಕೆಲಕಾಲ ಎಕ್ಸ್‌ಎಫ್‌ಸಿಇಗೆ ಹೋದುದು, ಅನಂತರ ಹಿಂದಿರುಗಿದುದು ಗಣಕ ಪ್ರಪಂಚದಲ್ಲಿ ಸುಪರಿಚಿತ ಸಂಗತಿ.

ಬದಲಾವಣೆಯಿಂದ ಆಗುವ ಲಾಭವೆಷ್ಟು? 2 ಜಿ.ಬಿ. ರ್‍ಯಾಮ್ ಉಳ್ಳ, ಕೋರ್ 2 ಡ್ಯುಯೊ ಸಂಸ್ಕಾರಕದ ಯಂತ್ರವೊಂದನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಇಂದಿನ ಗ್ನೋಮ್ ಯಾವ ಕೆಲಸವನ್ನೂ ತೆರೆಯದೆ ಸುಮ್ಮನೆ ಕುಳಿತಾಗಲೇ ಇಡೀ ವ್ಯವಸ್ಥೆ ಸಾಮಾನ್ಯವಾಗಿ 1 ಜಿ.ಬಿ. ಅಥವಾ ಅದಕ್ಕೂ ಮಿಕ್ಕಿ ರ್‍ಯಾಮ್ ಬಳಸುತ್ತದೆ. ಎಕ್ಸ್‌ಎಫ್‌ಸಿಇಯಲ್ಲಿ ಇದು ಸುಮಾರು 500ರಿಂದ 800 ಎಂ.ಬಿ.ಯಷ್ಟಕ್ಕೆ ಇಳಿಯುತ್ತದೆ, ಎಲ್‌ಎಕ್ಸ್‌ಕ್ಯೂಟಿಯಲ್ಲಿ ಇನ್ನೂ ಕೊಂಚ ಕಡಮೆ. ಉಳಿತಾಯವು ಕೆಲವು ನೂರು ಎಂ.ಬಿ. ಮಾತ್ರ. 8 ಜಿ.ಬಿ.ಯ ಯಂತ್ರದಲ್ಲಿ ಇದು ಗಣನೆಗೇ ಬಾರದು. 2 ಜಿ.ಬಿ.ಯಲ್ಲಿ ಮಾತ್ರ ಈ ಉಳಿತಾಯವೇ ಮೇಜು ತುಂಬಿಹೋಗುವುದಕ್ಕೂ ಲಿಬ್ರೆ ಆಫೀಸ್‌ನಲ್ಲಿ ಒಂದು ಪತ್ರ ಬರೆಯಲು ಜಾಗ ಉಳಿಯುವುದಕ್ಕೂ ನಡುವಣ ಅಂತರ. ರ್‍ಯಾಮ್ ಅಲ್ಲದೆ ಚಿತ್ರಣದ ಹೊರೆಯೂ ಒಂದುಂಟು. ಗ್ನೋಮ್ ಪರದೆಯ ಮೇಲಿನ ನೆರಳು, ಜಾರಿಕೆ, ಪಾರದರ್ಶಕತೆ ಮೊದಲಾದುವನ್ನು ಚಿತ್ರಣ ಸಾಧನದ ಬಲದಿಂದ ಬಿಡಿಸುತ್ತದೆ. ಆ ಸಾಧನ ದುರ್ಬಲವಾಗಿದ್ದಲ್ಲಿ ಕೆಲಸವೆಲ್ಲ ಮುಖ್ಯ ಸಂಸ್ಕಾರಕದ ಹೆಗಲಿಗೆ ಬೀಳುತ್ತದೆ. ಎಕ್ಸ್‌ಎಫ್‌ಸಿಇಯಲ್ಲಿ ಈ ಅಲಂಕಾರವನ್ನು ಒಂದೇ ಗುರುತು ತೆಗೆದು ಪೂರ್ತಿ ನಿಲ್ಲಿಸಬಹುದು. ನಿಲ್ಲಿಸಿದರೆ ಕಳೆದುಕೊಳ್ಳುವುದು ಕಿಟಕಿಯ ಅಂಚಿನ ನೆರಳು ಮಾತ್ರ. ಅದಿಲ್ಲವೆಂದು ಯಾವ ವಿದ್ಯಾರ್ಥಿಯ ಅಕ್ಷರವೂ ಕೆಡುವುದಿಲ್ಲ.

ಬದಲಿಸುವ ಕ್ರಮವು ಕಠಿಣವಲ್ಲ. ಉಬುಂಟು ಅಥವಾ ಡೆಬಿಯನ್ ಈಗಾಗಲೇ ಇರುವ ಯಂತ್ರದಲ್ಲಿ ಎಲ್ಲವನ್ನೂ ಅಳಿಸಿ ಮತ್ತೆ ಸ್ಥಾಪಿಸುವ ಅಗತ್ಯವಿಲ್ಲ. ತಂತ್ರಾಂಶ ಭಂಡಾರದಿಂದ ಎಕ್ಸ್‌ಎಫ್‌ಸಿಇ ಪೊಟ್ಟಣವನ್ನು ತರಿಸಿ, ಒಮ್ಮೆ ಹೊರಬಂದು, ಒಳಪ್ರವೇಶದ ಪರದೆಯಲ್ಲಿ ತನ್ನ ಹೆಸರನ್ನು ಆರಿಸಿ, ಕೆಳಮೂಲೆಯ ಹಲ್ಲುಚಕ್ರದ ಗುರುತನ್ನು ಒತ್ತಿದರೆ ಲಭ್ಯವಿರುವ ಡೆಸ್ಕ್‌ಟಾಪ್‌ಗಳ ಪಟ್ಟಿ ತೆರೆಯುತ್ತದೆ. ಅಲ್ಲಿ ಹೊಸದನ್ನು ಆರಿಸಿ ಗುಪ್ತಪದ ಕೊಟ್ಟರಾಯಿತು. ಬರೆದಿಟ್ಟ ಕಡತಗಳು ಹಾಗೆಯೇ ಇರುತ್ತವೆ. ಹೊಸದು ಒಗ್ಗದಿದ್ದರೆ ಇದೇ ದಾರಿಯಿಂದ ಹಳೆಯದಕ್ಕೆ ಮರಳಬಹುದು. ಸ್ಥಾಪನೆಯ ನಡುವೆ ಒಳಪ್ರವೇಶದ ಪರದೆಯನ್ನು ಯಾವ ಸಾಧನ ತೋರಬೇಕೆಂಬ ಪ್ರಶ್ನೆಯೊಂದು ಬರುವುದುಂಟು. ಹಗುರವಾದ ಲೈಟ್‌ಡಿಎಂ ಎಂಬುದನ್ನು ಆರಿಸುವುದು ಲೇಸು. ಎರಡು ಪರಿಸರಗಳೂ ಒಟ್ಟಿಗೆ ಉಳಿದಲ್ಲಿ ಪಟ್ಟಿಯಲ್ಲಿ ಎರಡೆರಡು ಕಡತ ನಿರ್ವಾಹಕಗಳೂ ಎರಡೆರಡು ಬರೆಹ ಸಾಧನಗಳೂ ಕಂಡು ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಆದ್ದರಿಂದ ಒಂದೆರಡು ವಾರ ಪರೀಕ್ಷಿಸಿ, ತೃಪ್ತಿಯಾದ ಮೇಲೆ, ಜುಬುಂಟು ಅಥವಾ ಡೆಬಿಯನ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹೊಸದಾಗಿಯೇ ಸ್ಥಾಪಿಸುವುದು ಶಾಲೆಯ ಪ್ರಯೋಗಶಾಲೆಗೆ ಹೆಚ್ಚು ಅಚ್ಚುಕಟ್ಟು. ಹಾಗೆ ಮಾಡುವ ಮುನ್ನ ಕಡತಗಳ ಪ್ರತಿ ತೆಗೆದಿಡಬೇಕೆಂಬುದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಕನ್ನಡ ಶಾಲೆಗಳಲ್ಲಿ ಈ ಬದಲಾವಣೆ ವಿಫಲವಾಗುವುದು ಹೆಚ್ಚಾಗಿ ಒಂದು ಸಣ್ಣ ಕಾರಣದಿಂದ. ಗ್ನೋಮ್‌ನಲ್ಲಿ ಭಾಷೆ ಬದಲಿಸುವ ಐಬಸ್ ಎಂಬ ಸಾಧನವು ಒಳಗೇ ಹೊಂದಿಕೊಂಡಿರುತ್ತದೆ. ಎಕ್ಸ್‌ಎಫ್‌ಸಿಇಗೆ ಬಂದೊಡನೆ ಅದು ತಾನಾಗಿ ಎಚ್ಚರಗೊಳ್ಳದೆ ಇರಬಹುದು. ನಿನ್ನೆಯವರೆಗೆ ಕನ್ನಡ ಮೂಡುತ್ತಿದ್ದ ಯಂತ್ರದಲ್ಲಿ ಇಂದು ಇಂಗ್ಲಿಷ್ ಮಾತ್ರ ಬರುವುದನ್ನು ಕಂಡು ‘ಹೊಸದು ಕನ್ನಡಕ್ಕೆ ಆಗದು’ ಎಂದು ತೀರ್ಪು ಕೊಡುವುದು ಸುಲಭ. ಇನ್‌ಪುಟ್ ವಿಧಾನದ ಸೆಟ್ಟಿಂಗ್‌ನಲ್ಲಿ ಐಬಸ್ ಅನ್ನು ಆರಿಸಿ, ಒಮ್ಮೆ ಹೊರಬಂದು ಮತ್ತೆ ಒಳಹೊಕ್ಕರೆ ತೊಡಕು ನೀಗುತ್ತದೆ. ಎಂ17ಎನ್ ಸಂಗ್ರಹದಲ್ಲಿ ಕೆ.ಜಿ.ಪಿ. ಎಂಬ ಹೆಸರಿನ ವಿನ್ಯಾಸವಿದೆ. ನುಡಿಯಲ್ಲಿ ಬೆರಳಚ್ಚು ಕಲಿತವರಿಗೆ ಇದು ಪರಿಚಿತವೇ. ಗುಬ್ಬಿ, ನವಿಲು, ಲೋಹಿತ್, ನೋಟೊ ಮೊದಲಾದ ಲಿಪಿಗಳು ಎಲ್ಲ ಡೆಸ್ಕ್‌ಟಾಪ್‌ಗಳಲ್ಲಿಯೂ ಒತ್ತಕ್ಷರಗಳನ್ನು ಸಮನಾಗಿಯೇ ಮೂಡಿಸುತ್ತವೆ. ಪಟ್ಟಿಗಳಲ್ಲಿನ ಕನ್ನಡ ಅನುವಾದ ಮಾತ್ರ ಎಲ್ಲೆಡೆ ಪೂರ್ಣವಾಗಿಲ್ಲ. ಇದಕ್ಕಿಂತ ದೊಡ್ಡ ತೊಡಕು ಹಳೆಯ ದಾಖಲೆಗಳದು. ಯೂನಿಕೋಡ್‌ಗೆ ಮುಂಚಿನ ನುಡಿ ಲಿಪಿಗಳಲ್ಲಿ ಬೆರಳಚ್ಚಿಸಿದ ಪ್ರಶ್ನೆಪತ್ರಿಕೆ, ಸುತ್ತೋಲೆ, ಅಂಕಪಟ್ಟಿಗಳು ಆ ಲಿಪಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುತ್ತವೆ. ಪರಿವರ್ತಕದ ಮೂಲಕ ಅವುಗಳನ್ನು ಯೂನಿಕೋಡ್‌ಗೆ ಬದಲಿಸಿಕೊಂಡ ಮೇಲೆಯೇ ಕಚೇರಿಯ ಯಂತ್ರಕ್ಕೆ ಕೈಹಾಕಬೇಕು. ಪ್ರಯೋಗಶಾಲೆಯ ಯಂತ್ರಗಳಿಗೆ ಈ ತಡೆಯಿಲ್ಲ. ಆದ್ದರಿಂದ ಅಲ್ಲಿಂದ ಆರಂಭಿಸುವುದೇ ಯುಕ್ತ.

ಹಗುರ ಡೆಸ್ಕ್‌ಟಾಪ್ ಸರ್ವರೋಗ ನಿವಾರಕವೆಂದು ಭಾವಿಸಿದವರು ನಿರಾಶರಾಗುವರು. ಡೆಸ್ಕ್‌ಟಾಪ್ ಉಳಿಸಿಕೊಟ್ಟ ಜಾಗವನ್ನು ಇಂದಿನ ಬ್ರೌಸರ್ ಎರಡು ಮೂರು ಪುಟಗಳಲ್ಲಿ ನುಂಗಿಬಿಡಬಲ್ಲದು. ಅದಕ್ಕೆ ಫೈರ್‌ಫಾಕ್ಸ್ ಎಂದಾಗಲಿ ಕ್ರೋಮಿಯಂ ಎಂದಾಗಲಿ ಭೇದವಿಲ್ಲ. 2 ಜಿ.ಬಿ.ಯ ಯಂತ್ರದಲ್ಲಿ ಬೆರಳಚ್ಚು, ಲೆಕ್ಕಪಟ್ಟಿ, ಚಿತ್ರ ಬಿಡಿಸುವುದು, ಪೈಥಾನ್ ಭಾಷೆಯ ಮೊದಲ ಪಾಠಗಳು ಸಲೀಸಾಗಿ ನಡೆಯುತ್ತವೆ. ಒಂದು ಹೊತ್ತಿಗೆ ಒಂದೇ ಜಾಲಪುಟ ತೆರೆಯುವ ಶಿಸ್ತಿದ್ದರೆ ಅದೂ ನಡೆಯುತ್ತದೆ. ವೀಡಿಯೊ ತರಗತಿಗೆ ಅದನ್ನು ನಂಬಬಾರದು. 2000ರ ದಶಕದ ಆರಂಭದ 32 ಬಿಟ್ ಯಂತ್ರಗಳ ಮಾತು ಬೇರೆ. 2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ 13 ಅವುಗಳಿಗೆ ಸ್ಥಾಪಕವನ್ನೇ ಒದಗಿಸಿಲ್ಲ. ಅಂತಹವನ್ನು ಬಿಚ್ಚಿ ಒಳಭಾಗಗಳನ್ನು ಮಕ್ಕಳಿಗೆ ತೋರಿಸುವುದರಲ್ಲಿ ಹೆಚ್ಚು ಸಾರ್ಥಕತೆಯಿದೆ.

ದಾನಿಗಳು ಗಮನಿಸತಕ್ಕ ಒಂದು ಅಂಶವುಂಟು. ಹಾರ್ಡ್ ಡಿಸ್ಕ್‌ನ ಸ್ಥಾನದಲ್ಲಿ ಚಿಕ್ಕದೊಂದು ಎಸ್.ಎಸ್.ಡಿ. ಹಾಕಿ, 2 ಜಿ.ಬಿ. ರ್‍ಯಾಮ್ ಅನ್ನು 4ಕ್ಕೆ ಏರಿಸಿದರೆ, ಡೆಸ್ಕ್‌ಟಾಪ್ ಬದಲಾವಣೆಯಿಂದ ಬಂದ ಲಾಭಕ್ಕಿಂತ ಮಿಗಿಲಾದ ಲಾಭ ಬರುತ್ತದೆ. ತಿರುಗುವ ತಟ್ಟೆಯೇ ಇಲ್ಲದುದರಿಂದ ಕಪಾಟಿಗೆ ಓಡಾಡುವ ಕಾಲ ಬಹುವಾಗಿ ತಗ್ಗುತ್ತದೆ. ಒಂದು ಹೊಸ ಯಂತ್ರದ ಬೆಲೆಯಲ್ಲಿ ಹಲವು ಹಳೆಯ ಯಂತ್ರಗಳಿಗೆ ಇಷ್ಟನ್ನು ಮಾಡಿಸಬಹುದು. ಹೊಸ ಯಂತ್ರದ ಮೇಲೆ ದಾನಿಯ ಹೆಸರು ಬರೆಯಲು ಜಾಗವಿರುತ್ತದೆ, ಎಸ್.ಎಸ್.ಡಿ.ಯ ಮೇಲೆ ಇರುವುದಿಲ್ಲವೆಂಬುದು ನಿಜ.

ಎರಡು ಸಣ್ಣ ಸೂಚನೆಗಳು ಉಳಿದಿವೆ. ಎಕ್ಸ್‌ಎಫ್‌ಸಿಇಯಿಂದ ಹೊರಬರುವಾಗ ಈಗಿನ ಕೆಲಸವನ್ನು ಮುಂದಿನ ಸಲಕ್ಕೆ ಉಳಿಸಬೇಕೆ ಎಂಬ ಗುರುತಿನ ಪೆಟ್ಟಿಗೆಯಿರುತ್ತದೆ. ಅದನ್ನು ಖಾಲಿ ಬಿಡದಿದ್ದರೆ ಹಿಂದಿನ ತರಗತಿಯವರು ತೆರೆದ ಕಿಟಕಿಗಳೆಲ್ಲ ಮರುದಿನ ತಾವೇ ತೆರೆದುಕೊಂಡು ಯಂತ್ರ ಆರಂಭವಾಗುವುದೇ ತಡವಾಗುತ್ತದೆ. ಎರಡನೆಯದು, ಬಹುಕಾಲ ಉಗ್ರಾಣದಲ್ಲಿದ್ದ ಯಂತ್ರದ ಒಳಗಿನ ಗಡಿಯಾರದ ಬ್ಯಾಟರಿ ಬರಿದಾಗಿ, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಸರಿದಿರುತ್ತದೆ. ಆಗ ಬ್ರೌಸರ್ ಸುರಕ್ಷಿತ ಜಾಲತಾಣಗಳನ್ನು ತೆರೆಯಲು ಒಪ್ಪದೆ ಎಚ್ಚರಿಕೆ ತೋರುತ್ತದೆ, ತಪ್ಪು ಹೊಸ ಡೆಸ್ಕ್‌ಟಾಪಿನ ತಲೆಗೆ ಬರುತ್ತದೆ. ಸಿ.ಆರ್. 2032 ಎಂಬ ನಾಣ್ಯದಾಕಾರದ ಆ ಬ್ಯಾಟರಿ ಗಡಿಯಾರ ರಿಪೇರಿಯ ಅಂಗಡಿಗಳಲ್ಲಿಯೂ ದೊರೆಯುತ್ತದೆ.