ಯುದ್ಧಕ್ಕೆ ಹೋಗೋ ಮುಂಚೆ ಕೇಳಿ ನೋಡಿ

ಇವತ್ತಿನ ವೇದಭಾಗ ಯೆಹೋಶುವ 22ನೇ ಅಧ್ಯಾಯ, 9ನೇ ವಚನದಿಂದ.

ಮೊದಲು ನನ್ನ ಸಾಕ್ಷಿ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸತು. ಊರಲ್ಲಿ ಅಪ್ಪನಿಗೆ ಹುಷಾರಿಲ್ಲ ಅಂತ ಗೊತ್ತಾಗಿ, "ಬರ್ತೀನಿ" ಅಂತ ಅಣ್ಣನಿಗೆ ವಾಟ್ಸಾಪ್ ಮಾಡಿದೆ. "ನೀನೇನೂ ಬರೋದು ಬೇಡ" ಅಂತ ಉತ್ತರ ಬಂತು. ಮನಸ್ಸಿಗೆ ಚುಚ್ಚಿದ ಹಾಗಾಯ್ತು. ಏಳು ತಿಂಗಳು ಅಣ್ಣನ ಜೊತೆ ಮಾತು ಬಿಟ್ಟೆ. ಅದೇ ಬಾಯಲ್ಲಿ ಪ್ರತಿ ಭಾನುವಾರ ಸ್ತೋತ್ರ ಹೇಳ್ತಿದ್ದೆ!

ಈಗ ವಾಕ್ಯಕ್ಕೆ ಬನ್ನಿ. ರೂಬೇನ್ಯರು, ಗಾದ್ಯರು ಮತ್ತು ಮನಸ್ಸೆ ಕುಲದ ಅರ್ಧಜನರು ಯೊರ್ದನಿನ ಬಳಿ ದೊಡ್ಡ ಯಜ್ಞವೇದಿ ಕಟ್ಟಿದರು. ಸುದ್ದಿ ಕೇಳಿದ ಉಳಿದ ಇಸ್ರಾಯೇಲ್ಯರು ಅವರು ದೇವರನ್ನು ಬಿಟ್ಟರು ಅಂದುಕೊಂಡು, ಯುದ್ಧಕ್ಕೆ ಶೀಲೋವಿನಲ್ಲಿ ಕೂಡಿದರು. ಆದರೆ ಸೈನ್ಯಕ್ಕಿಂತ ಮುಂಚೆ ಫೀನೆಹಾಸನನ್ನೂ ಹತ್ತು ಮಂದಿ ಪ್ರಧಾನರನ್ನೂ ಕಳಿಸಿದರು.

ಗಮನಿಸಿ, ಫೀನೆಹಾಸನ ಕಡೆಯವರ ಮೊದಲ ಮಾತು ಕಠಿಣವಾಗೇ ಇತ್ತು. ಆದರೂ ಬೆನ್ನ ಹಿಂದೆ ಆಡಲಿಲ್ಲ, ಎದುರಿಗೆ ನಿಂತು ಹೇಳಿದರು. 'ನಿಮ್ಮ ದೇಶ ಅಶುದ್ಧ ಅನ್ನಿಸಿದರೆ ನಮ್ಮ ಕಡೆಗೆ ಬನ್ನಿ, ಜಾಗ ಕೊಡ್ತೀವಿ' ಅಂತಲೂ ಕರೆದರು. ಆಮೇಲೆ ಉತ್ತರ ಕೇಳಿದರು. ಆಚೆಯವರೂ ಸಿಟ್ಟಿಗೇಳದೆ ಕಾರಣ ಬಿಡಿಸಿ ಹೇಳಿದರು: ಇದು ಯಜ್ಞಕ್ಕಲ್ಲ, ನಾಳೆ ನಿಮ್ಮ ಮಕ್ಕಳು ನಮ್ಮ ಮಕ್ಕಳನ್ನು ಹೊರಗಿನವರು ಅನ್ನಬಾರದು, ಅದಕ್ಕೆ ಸಾಕ್ಷಿಯಾಗಿ ಕಟ್ಟಿದ್ದು. ಫೀನೆಹಾಸ ಒಪ್ಪಿದ, ವಾಪಸ್ ಹೋಗಿ ಎಲ್ಲರಿಗೂ ತಿಳಿಸಿದ. ಯುದ್ಧದ ಮಾತೇ ನಿಂತುಹೋಯ್ತು.

ಮಾತಿನ ಮೂಲಪಾಠ ಇಷ್ಟೇ. ತೀರ್ಪು ಕೊಡೋ ಮುಂಚೆ ಕೇಳಿ. ಉತ್ತರ ಮುಗಿಯೋ ತನಕ ಸುಮ್ಮನಿರಿ. ನಿಮ್ಮ ಕಾರಣವನ್ನು ನೀವೇ ಬಾಯಿಬಿಟ್ಟು ಹೇಳಿ. ಕೊನೆಗೆ "ನನಗೆ ಹೀಗೆ ಅರ್ಥ ಆಯ್ತು, ಸರೀನಾ?" ಅಂತ ಕೇಳಿ.

ಈ ಭಾಗ ಓದಿದ ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. "ಹೊಸ ಕೆಲಸ, ರಜೆ ಕೇಳಿದ್ರೆ ನಿಂಗೆ ತೊಂದ್ರೆ ಆಗುತ್ತೆ ಅಂತ ಬೇಡ ಅಂದೆ ಕಣೋ" ಅಂದ. ಅವನ ದನಿಯಲ್ಲಿದ್ದ ಪ್ರೀತಿ ಆ ಮೆಸೇಜಿನಲ್ಲಿ ಕಾಣಿಸಿರಲಿಲ್ಲ. ಆ ಏಳು ತಿಂಗಳೂ ಅಪ್ಪ ನಮ್ಮಿಬ್ಬರ ಮಧ್ಯೆ ನೊಂದಿದ್ದರು.

ಪ್ರಿಯರೇ, ನೀವು ಯಾರ ಮೇಲೆ ಶೀಲೋವಿನಲ್ಲಿ ಸೈನ್ಯ ಕೂಡಿಸಿದ್ದೀರಿ? ಇವತ್ತು ಟೈಪ್ ಮಾಡಬೇಡಿ, ಫೋನ್ ಮಾಡಿ. ಕರ್ತನು ನಮ್ಮ ಕಿವಿಯನ್ನೂ ನಾಲಿಗೆಯನ್ನೂ ಆಳಲಿ. ಆಮೆನ್.